ಹೊನ್ನಾವರದಲ್ಲಿ ಎರಡು ದಿನ: ಮೊದಲು ಕಡಲಿನ ವೇಳೆ ನೋಡಿ

ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೊರಟವರು ಹೊನ್ನಾವರವನ್ನು ನೋಡುವುದು ಹೆಚ್ಚಾಗಿ ಬಸ್ಸಿನ ಕಿಟಕಿಯಿಂದ. ಶರಾವತಿ ಸೇತುವೆ ಬಂದಾಗ ಎಲ್ಲರ ಕಣ್ಣೂ ಹೊರಗೆ. ಒಂದು ಕಡೆ ತೆಂಗಿನ ಸಾಲು, ದೋಣಿಗಳು, ನದಿಯ ನಡುವಿನ ಕುರುವೆಗಳು. ಇನ್ನೊಂದು ಕಡೆ ನದಿ ಕಡಲು ಸೇರುವ ಅಳಿವೆ. ಸೇತುವೆ ದಾಟಿದರೆ ಊರೂ ಮರೆತುಹೋಗುತ್ತದೆ. ಉತ್ತರ ಕನ್ನಡದ ಕರಾವಳಿಯಲ್ಲಿ ಶನಿವಾರ, ಭಾನುವಾರ ನಿರಾಳವಾಗಿ ಇದ್ದು ಬರಲು ಒಂದು ಊರು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಈ ಊರಿನ ಹೆಸರನ್ನೇ. ನದಿ, ಕಡಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಗುಡ್ಡ, ಗಣಪತಿ ದೇವಸ್ಥಾನ, ಯಕ್ಷಗಾನದ ಮನೆತನ ಎಲ್ಲವೂ ಇಲ್ಲಿ ಸುಮಾರು 15 ಕಿ.ಮೀ. ಒಳಗೇ ಇವೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಜೋಗ, ಯಾಣ, ಗೋಕರ್ಣ, ಮುರ್ಡೇಶ್ವರ ನಾಲ್ಕನ್ನೂ ಎರಡೇ ದಿನದಲ್ಲಿ ಮುಗಿಸುವ ಲೆಕ್ಕ ಹಾಕಿಕೊಂಡವರಿಗೆ ಹೊನ್ನಾವರ ಬರೀ ಊಟಕ್ಕೆ ನಿಲ್ಲುವ ಊರಾಗುತ್ತದೆ. ಜೋಗಕ್ಕೆ ಇಲ್ಲಿಂದ ಸುಮಾರು 60 ಕಿ.ಮೀ. ಘಟ್ಟದ ದಾರಿ, ಹೋಗಿ ಬರುವಷ್ಟರಲ್ಲಿ ದಿನ ಮುಗಿದಿರುತ್ತದೆ. ಜೋಗವನ್ನು ಮಳೆಗಾಲದ ಇನ್ನೊಂದು ಪ್ರವಾಸಕ್ಕೆ ಇಟ್ಟುಕೊಳ್ಳಿ. ಈ ಎರಡು ದಿನ ಅಳಿವೆಯ ಆಚೀಚೆಯೇ ಇರಲಿ.

ಅಳಿವೆಯ ಆಚೀಚೆ ಇರುವುದಾದರೆ ನಿಮ್ಮ ಗಡಿಯಾರವನ್ನು ನಡೆಸುವುದು ಕಡಲು. ಪ್ರವಾಸ ಗೊತ್ತುಮಾಡುವಾಗ ನಾವು ಮೊದಲು ಹುಡುಕುವುದು ರೂಮು, ಆಮೇಲೆ ಟಿಕೆಟ್ಟು, ಕೊನೆಗೆ ನೋಡುವ ಜಾಗಗಳ ಪಟ್ಟಿ. ಅಲ್ಲಿಗೆ ಹೋದ ಮೇಲೆ ಕಾಂಡ್ಲಾ ಕಾಡಿನಲ್ಲಿ ನೀರು ತುಂಬಿ ಬೇರುಗಳೇ ಕಾಣದಿದ್ದರೆ, ದೋಣಿಯವರು ‘ಈಗ ನೀರಿಲ್ಲ, ಎರಡು ತಾಸು ಬಿಟ್ಟು ಬನ್ನಿ’ ಎಂದರೆ ಬೇಸರಪಡುತ್ತೇವೆ. ಉಬ್ಬರ ಇಳಿತದ ಸಮಯವನ್ನು ಮನೆಯಿಂದಲೇ ನೋಡಿಕೊಂಡು ಹೊರಟರೆ ಇಡೀ ಪ್ರವಾಸ ಸಲೀಸು.

ಇದೇನೂ ಕಷ್ಟದ ವಿದ್ಯೆಯಲ್ಲ. ನಮ್ಮ ಕರಾವಳಿಯಲ್ಲಿ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಕೆಗೂ ಇಳಿಕೆಗೂ ನಡುವೆ ಆರು ತಾಸಿನಷ್ಟು ಅಂತರ. ಪ್ರತಿದಿನ ಈ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ಶನಿವಾರ ಸಂಜೆ ನಾಲ್ಕಕ್ಕೆ ನೀರು ಪೂರ್ತಿ ಇಳಿದಿದ್ದರೆ ಭಾನುವಾರ ಅದೇ ಇಳಿತ ಐದರ ಸುಮಾರಿಗೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಅಷ್ಟಮಿಯ ಹೊತ್ತಿಗೆ ಕಡಿಮೆ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದದ್ದಕ್ಕೆ ಇಂಟರ್ನೆಟ್ಟಿನಲ್ಲಿ ಕಾರವಾರದ ಉಬ್ಬರ ಇಳಿತದ ಪಟ್ಟಿ ಸಿಗುತ್ತದೆ. ಕಾರವಾರಕ್ಕೂ ಹೊನ್ನಾವರಕ್ಕೂ ಇರುವ ವ್ಯತ್ಯಾಸ ಪ್ರವಾಸಿಗರ ಲೆಕ್ಕಕ್ಕೆ ಬಾರದಷ್ಟು ಚಿಕ್ಕದು.

ನನ್ನನ್ನು ಕೇಳಿದರೆ ಇಳಿತವು ಸಂಜೆ ನಾಲ್ಕರಿಂದ ಆರರ ನಡುವೆ ಬರುವ ವಾರಾಂತ್ಯ ಎಲ್ಲಕ್ಕಿಂತ ಒಳ್ಳೆಯದು. ಮಧ್ಯಾಹ್ನದ ಊಟ, ಒಂದು ಸಣ್ಣ ನಿದ್ದೆ, ಆಮೇಲೆ ನೀರು ಬಸಿದ ಕಾಂಡ್ಲಾ ಕಾಡು, ಅಲ್ಲಿಂದ ಅಗಲವಾಗಿ ತೆರೆದ ಮರಳಿನ ಮೇಲೆ ಸೂರ್ಯಾಸ್ತ. ದೋಣಿ ವಿಹಾರಕ್ಕೆ ನೀರು ತುಂಬಿರುವ ಬೆಳಗಿನ ಹೊತ್ತು ಉಳಿಯುತ್ತದೆ. ಇಳಿತ ಬೆಳಿಗ್ಗೆ ಬಂದರೆ ಎಲ್ಲವನ್ನೂ ತಿರುಗಾಮುರುಗಾ ಮಾಡಿಕೊಳ್ಳಿ.

ಯಾವ ತಿಂಗಳು, ಯಾವ ದಾರಿ

ಅಕ್ಟೋಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಹವೆ ಹಿತವಾಗಿರುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಮಾತ್ರ ಬಿಟ್ಟುಬಿಡಿ. ಗೋಕರ್ಣ, ಮುರ್ಡೇಶ್ವರ ತುಂಬಿದ ಮೇಲೆ ಅಲ್ಲಿ ರೂಮು ಸಿಗದವರು ಇಲ್ಲಿಗೆ ಬರುತ್ತಾರೆ. ಮಾರ್ಚ್ ಹೊತ್ತಿಗೆ ಸೆಕೆ ಶುರು. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಹೊರಗೆ ತಿರುಗುವುದು ಮಕ್ಕಳಿಗೂ ಹಿರಿಯರಿಗೂ ಆಗದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 3,000 ಮಿ.ಮೀ. ದಾಟುವ ಮಳೆ ಇಲ್ಲಿ ಮಾಮೂಲು. ಮಳೆ ನೋಡುವುದಕ್ಕೆಂದೇ ಹೋಗುವವರಿಗೆ ಅದೂ ಚೆಂದವೇ, ಆದರೆ ಆಗ ಕಡಲಿಗೆ ಇಳಿಯುವ ಮಾತೇ ಇಲ್ಲ.

ಬೆಂಗಳೂರಿನವರಿಗೆ ನಾನು ಹೇಳುವುದು ರೈಲು. ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಶುಕ್ರವಾರ ಸಂಜೆ ಹೊರಟು ಶನಿವಾರ ಬೆಳಿಗ್ಗೆ ಹೊನ್ನಾವರಕ್ಕೆ ಬಿಡುತ್ತದೆ. ಭಾನುವಾರ ಸಂಜೆ ಹತ್ತಿದರೆ ಸೋಮವಾರ ಬೆಳಿಗ್ಗೆ ಬೆಂಗಳೂರು. ರಜೆ ಹಾಕದೆ ಎರಡು ಹಗಲು ಪೂರ್ತಿ ಕೈಗೆ ಸಿಗುವುದು ಈ ಒಂದು ವ್ಯವಸ್ಥೆಯಲ್ಲೇ. ವಾರಾಂತ್ಯದ ಸೀಟುಗಳು ಬೇಗ ಭರ್ತಿಯಾಗುತ್ತವೆ. ರೈಲ್ವೆ ಮುಂಗಡ ಬುಕಿಂಗ್ ಅವಧಿ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಹೋಗುವ ಟಿಕೆಟ್ಟು, ಬರುವ ಟಿಕೆಟ್ಟು ಎರಡನ್ನೂ ಆಯಾ ಬುಕಿಂಗ್ ತೆರೆದ ದಿನವೇ ಮಾಡಿಸಿಬಿಡಿ, ವೇಳಾಪಟ್ಟಿಯನ್ನು ಆಗಲೇ ಖಚಿತಪಡಿಸಿಕೊಳ್ಳಿ. ಬೆಳಿಗ್ಗೆ ನಿಲ್ದಾಣ ಬರುವ ಮುನ್ನವೇ ಎದ್ದು ಬಾಗಿಲ ಹತ್ತಿರದ ಕಿಟಕಿಗೆ ಬನ್ನಿ: ಶರಾವತಿಯ ಮೇಲಿನ ರೈಲು ಸೇತುವೆ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, 2 ಕಿ.ಮೀ.ಗಿಂತ ತುಸು ಹೆಚ್ಚು. ನಿಲ್ದಾಣ ಪೇಟೆಯಿಂದ ಸ್ವಲ್ಪ ದೂರ. ಉಳಿದುಕೊಳ್ಳುವ ಜಾಗದವರಿಗೆ ಹಿಂದಿನ ದಿನವೇ ಫೋನು ಮಾಡಿ ಆಟೋ ಹೇಳಿಸಿಟ್ಟರೆ ಒಳ್ಳೆಯದು.

ಕಾರಿನಲ್ಲಿ ಬರುವವರಿಗೆ ತುಮಕೂರು, ಅರಸೀಕೆರೆ, ಶಿವಮೊಗ್ಗ, ಸಾಗರದ ಮೇಲೆ 400 ಕಿ.ಮೀ.ಗೂ ಹೆಚ್ಚಿನ ದಾರಿ. ಕೊನೆಯಲ್ಲಿ ಗೇರುಸೊಪ್ಪೆ ಘಟ್ಟ ಇಳಿಯಬೇಕು. ಘಟ್ಟವನ್ನು ಬೆಳಕಿರುವಾಗಲೇ ಇಳಿಯುವಂತೆ ಹೊರಡಿ. ರಾತ್ರಿಯ ಲಾರಿ ಸಾಲು, ತಿರುವು, ಮಂಜು ಮೂರೂ ಸೇರಿದರೆ ಹೊಸಬರಿಗೆ ಕಷ್ಟ. ಹುಬ್ಬಳ್ಳಿಯವರಿಗೆ ಯಲ್ಲಾಪುರ–ಅಂಕೋಲಾ ದಾರಿಯೂ ಇದೆ, ಶಿರಸಿ–ಕುಮಟಾ ದಾರಿಯೂ ಇದೆ. ದೇವಿಮನೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ವಿಚಾರಿಸದೆ ಎರಡನೆಯ ದಾರಿ ಹಿಡಿಯಬೇಡಿ.

ಎಲ್ಲಿ ಇಳಿದುಕೊಳ್ಳುವುದು

ನದಿಯ ಉತ್ತರ ದಡದಲ್ಲಿ ಪೇಟೆ, ದಕ್ಷಿಣ ದಡದಲ್ಲಿ ಕಾಸರಕೋಡು. ಸ್ವಂತ ವಾಹನ ಇಲ್ಲದವರಿಗೆ ಪೇಟೆಯ ಲಾಡ್ಜ್ ಅನುಕೂಲ. ಬಸ್ ನಿಲ್ದಾಣ, ಆಟೋ, ಔಷಧಿ ಅಂಗಡಿ, ತಾಲ್ಲೂಕು ಆಸ್ಪತ್ರೆ ಎಲ್ಲ ಹತ್ತಿರ. ಬೆಳಗೆದ್ದು ಕಡಲ ದಂಡೆಗೆ ನಡೆದೇ ಹೋಗಬೇಕು ಅನ್ನುವವರು ಕಾಸರಕೋಡಿನ ಕಡೆ ನೋಡಿ. ಮೂರನೆಯದು ನದಿಯ ಮೇಲ್ಭಾಗದ ಹಳ್ಳಿಗಳ ಹೋಂಸ್ಟೇ. ಅಡಿಕೆ ತೋಟದ ನಡುವಿನ ಮನೆ, ಹಿತ್ತಲಾಚೆಗೆ ಶರಾವತಿ. ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ನನ್ನ ಮತ ಇದಕ್ಕೇ.

ಹೋಂಸ್ಟೇ ಗೊತ್ತುಮಾಡುವಾಗ ಊಟದ ವಿಷಯ ಬಿಚ್ಚಿ ಕೇಳಿ. ಹವ್ಯಕರ ಮನೆಗಳಲ್ಲಿ ಮೀನಿನ ಅಡುಗೆ ಇರುವುದಿಲ್ಲ, ಹೊರಗಿನಿಂದ ತಂದು ತಿನ್ನುವುದನ್ನೂ ಅವರು ಇಷ್ಟಪಡುವುದಿಲ್ಲ. ಆದರೆ ಅಲ್ಲಿ ಸಿಗುವ ಅಪ್ಪೆಹುಳಿ, ತಂಬುಳಿ, ಕೊಟ್ಟೆಕಡುಬು, ತುಪ್ಪ ಹಚ್ಚಿದ ತೊಡದೇವು ಯಾವ ಹೋಟೆಲಿನಲ್ಲೂ ಸಿಗದಷ್ಟು ಸೊಗಸು. ಮೀನು ಬೇಕಾದವರು ಅದನ್ನು ಬಡಿಸುವ ಮನೆಯನ್ನೇ ಹುಡುಕಿಕೊಳ್ಳಿ. ಕರೆಂಟು ಹೋದರೆ ಫ್ಯಾನು ತಿರುಗುತ್ತದೆಯೇ, ಸೊಳ್ಳೆಪರದೆ ಇದೆಯೇ ಎಂಬ ಎರಡು ಪ್ರಶ್ನೆ ಮರೆಯಬೇಡಿ.

ಕಾಂಡ್ಲಾ ಕಾಡಿನೊಳಗೆ

ಹೆದ್ದಾರಿಯಲ್ಲಿ ಸೇತುವೆ ದಾಟಿ ಕಾಸರಕೋಡಿನ ಕಡೆ ಬಂದರೆ ಅರಣ್ಯ ಇಲಾಖೆಯ ಶರಾವತಿ ಕಾಂಡ್ಲಾ ನಡಿಗೆ ಸಿಗುತ್ತದೆ. ಕಾಡಿನ ನಡುವೆ ಹಲಗೆ ಹಾಸಿದ ಕಾಲುದಾರಿ. ಪ್ರವೇಶಕ್ಕೆ ಸಣ್ಣ ಶುಲ್ಕ, ಹಗಲು ಹೊತ್ತಿನಲ್ಲಿ ಮಾತ್ರ. ಬಹಳ ಜನ ಹತ್ತು ನಿಮಿಷದಲ್ಲಿ ಆಚೆ ತುದಿ ಮುಟ್ಟಿ, ಸೆಲ್ಫಿ ತೆಗೆದು, ವಾಪಸಾಗುತ್ತಾರೆ. ನೀವು ಹಾಗೆ ಮಾಡಬೇಡಿ. ನೀರು ಇಳಿದ ಹೊತ್ತಿನಲ್ಲಿ ಒಂದು ಕಡೆ ಕಟಕಟೆ ಹಿಡಿದು ಐದು ನಿಮಿಷ ಅಲುಗಾಡದೆ ನಿಂತುಬಿಡಿ.

ಮೊದಲು ಕಾಣುವುದು ಬರೀ ಕೆಸರು. ಸ್ವಲ್ಪ ಹೊತ್ತಿಗೆ ಆ ಕೆಸರಿನ ತುಂಬ ತೂತುಗಳು ಕಾಣುತ್ತವೆ. ನಮ್ಮ ಹೆಜ್ಜೆಯ ಸದ್ದಿಗೆ ಒಳಗೆ ಸೇರಿದ್ದ ಏಡಿಗಳು ಒಂದೊಂದಾಗಿ ಹೊರಗೆ ಬರುತ್ತವೆ. ಕೆಲವಕ್ಕೆ ಒಂದು ಕೊಂಬು ಸಣ್ಣದು, ಇನ್ನೊಂದು ಮೈಯಷ್ಟೇ ದೊಡ್ಡದು. ಅವು ಗಂಡು, ಆ ದೊಡ್ಡ ಕೊಂಬನ್ನು ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತವೆ. ಸಣ್ಣ ಕೊಂಬಿನಿಂದ ಕೆಸರು ಎತ್ತಿ ಬಾಯಿಗಿಟ್ಟು, ತಿನ್ನುವುದನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಪಕ್ಕಕ್ಕಿಡುತ್ತವೆ. ಅಷ್ಟರಲ್ಲಿ ಬೆರಳುದ್ದದ ಏನೋ ಒಂದು ಛಕ್ಕನೆ ನೆಗೆಯುತ್ತದೆ. ಕಪ್ಪೆಮರಿ ಅಂದುಕೊಳ್ಳುತ್ತೇವೆ, ಆದರೆ ಅದು ಮೀನು. ಎರಡು ರೆಕ್ಕೆ ಊರಿಕೊಂಡು ಕೆಸರಿನ ಮೇಲೆ ತೆವಳುತ್ತದೆ, ತಲೆಯ ಮೇಲಿನ ಎರಡು ಉಬ್ಬುಗಣ್ಣು ಹೊರಳಿಸಿ ನಮ್ಮನ್ನೇ ನೋಡುತ್ತದೆ. ಚರ್ಮ ಒದ್ದೆಯಾಗಿರುವವರೆಗೂ ಅದು ನೀರಿನ ಹೊರಗೆ ಉಸಿರಾಡಬಲ್ಲದು.

ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಮೊಳಕೆಯಂಥ ಕಡ್ಡಿಗಳನ್ನೂ ನೋಡಿ. ಅವು ಮರದ ಉಸಿರಾಟದ ಬೇರುಗಳು. ಈ ಕೆಸರಿನಲ್ಲಿ ಗಾಳಿಯಾಡುವುದಿಲ್ಲ, ಹಾಗಾಗಿ ಬೇರೇ ಮೇಲೆ ಬಂದು ಇಳಿತದ ಹೊತ್ತಿನಲ್ಲಿ ಗಾಳಿ ಎಳೆದುಕೊಳ್ಳುತ್ತದೆ. ಇನ್ನು ಕೆಲವು ಮರಗಳಲ್ಲಿ ಬೀಜ ಕೊಂಬೆಯಲ್ಲೇ ಮೊಳೆತು ನುಗ್ಗೆಕಾಯಿಯ ಹಾಗೆ ಜೋತುಬಿದ್ದಿರುತ್ತದೆ. ಬಿದ್ದಲ್ಲಿ ಕೆಸರಿಗೆ ನಾಟಿಕೊಂಡರೆ ಗಿಡ, ನೀರಿಗೆ ಬಿದ್ದರೆ ತೇಲಿ ಹೋಗಿ ಇನ್ನೆಲ್ಲೋ ಗಿಡ. ಈ ಬೇರುಗಳ ನಡುವೆಯೇ ಸಿಗಡಿ, ಏಡಿ, ಅನೇಕ ಜಾತಿಯ ಮೀನಿನ ಮರಿಗಳು ಬೆಳೆಯುತ್ತವೆ. ಮಧ್ಯಾಹ್ನ ನೀವು ತಿಂದ ಶೆಟ್ಲಿ (ಸಿಗಡಿ) ಸಾರಿಗೂ ಈ ಕಾಡಿಗೂ ನೇರ ಸಂಬಂಧವಿದೆ. ದಯವಿಟ್ಟು ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಇಲ್ಲಿ ಬಿಸಾಡಬೇಡಿ. ಬೇರಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ಕನ್ನು ಹೆಕ್ಕಿ ತೆಗೆಯುವುದು ಬಹಳ ಕಷ್ಟ.

ದೋಣಿಯಲ್ಲಿ ಹೋಗುವುದಾದರೆ ನೀರು ಏರಿದಾಗ ಹೋಗಿ. ಕುರುವೆಗಳ ಪಕ್ಕದ ಸಣ್ಣ ಕವಲುಗಳೊಳಗೆ ದೋಣಿ ನುಸುಳಲು ಆಗಲೇ ಸಾಧ್ಯ. ಎಲ್ಲರಿಗೂ ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ, ಚಿಕ್ಕ ಮಕ್ಕಳ ಅಳತೆಯದು ಇದೆಯೇ ಎಂದು ಮೊದಲೇ ಕೇಳಿ. ದರ, ಸಮಯ, ಎಲ್ಲಿವರೆಗೆ ಕರೆದೊಯ್ಯುತ್ತಾರೆ ಎಂಬ ಮೂರನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ.

ದಂಡೆ

ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು; ಕರ್ನಾಟಕದಲ್ಲಿ ಅದೇ ವರ್ಷ ಈ ಗೌರವ ಪಡೆದ ಇನ್ನೊಂದು ತೀರ ಪಡುಬಿದ್ರಿ. ನೀರಿನ ಗುಣಮಟ್ಟದ ಪರೀಕ್ಷೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಸೇರಿ 33 ಮಾನದಂಡಗಳು ಈ ಮಾನ್ಯತೆಗೆ ಇವೆ. ಹೆಣ್ಣುಮಕ್ಕಳಿರುವ ಕುಟುಂಬಗಳಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಬೇರೆ ದಂಡೆಗಳಲ್ಲಿ ಪರದಾಡಿದವರೇ ಹೇಳಬೇಕು. ನೀರಿಗೆ ಇಳಿಯುವುದಿದ್ದರೆ ಜೀವರಕ್ಷಕರು ಇರುವ ಈ ಭಾಗದಲ್ಲೇ ಇಳಿಯಿರಿ.

ಅಳಿವೆಯ ಹತ್ತಿರ ಮಾತ್ರ ಬೇಡ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಕಡಲಿನ ನೀರೂ ಒಟ್ಟಿಗೆ ಹೊರಕ್ಕೆ ಎಳೆಯುತ್ತವೆ. ಮೇಲೆ ನೋಡಲು ಶಾಂತವಾಗಿಯೇ ಕಾಣುತ್ತದೆ, ಈಜು ಬಲ್ಲವರನ್ನೂ ಆ ಸೆಳೆತ ಬಿಡುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಹತ್ತಿರದ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲು ಕಂಡ ಖುಷಿಯಲ್ಲಿ ಅದರ ಸ್ವಭಾವ ಗೊತ್ತಾಗುವುದಿಲ್ಲ. ಗೊತ್ತು ಮಾಡಿಸಬೇಕಾದವರು ಜೊತೆಗಿರುವ ದೊಡ್ಡವರು. ಮೊಣಕಾಲ ನೀರಿಗಿಂತ ಮುಂದೆ ಬಿಡಬೇಡಿ. ಕೆಂಪು ಬಾವುಟ ಇದ್ದರೆ ಅಷ್ಟೂ ಬೇಡ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರವಾಗಿ ಈಜಿ ಸುಸ್ತಾಗದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಬೇಕು. ಹೊರಡುವ ಹಿಂದಿನ ದಿನ ಇನ್‌ಕಾಯ್ಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡಿ. ತುರ್ತು ಇದ್ದರೆ 112.

ತೀರದಲ್ಲೇ ಮುಂದೆ ಟೊಂಕಾ ಇದೆ, ಮೀನುಗಾರರ ಊರು. ಇಲ್ಲಿ ಮರಳಿನ ಮೇಲೆ ಸಾಲುಸಾಲಾಗಿ ಮೀನು ಒಣಗಿಸುತ್ತಾರೆ. ಬೆಳಗಿನ ಬಿಸಿಲಿಗೆ ಹೆಂಗಸರು ಬುಟ್ಟಿಯಿಂದ ಸುರಿದು, ಕೈಯಿಂದ ಹರವಿ, ಮಧ್ಯೆ ಮಧ್ಯೆ ಮಗುಚಿ ಹಾಕಿ, ಕಾಗೆ ನಾಯಿ ಓಡಿಸುತ್ತ ದಿನವಿಡೀ ನಿಂತಿರುತ್ತಾರೆ. ಈ ದಂಡೆ ಅವರ ಕೆಲಸದ ಅಂಗಳ. ಇಲ್ಲಿ ಬರುವ ವಾಣಿಜ್ಯ ಬಂದರಿನ ವಿರುದ್ಧ ಈ ಊರಿನವರು ವರ್ಷಗಳಿಂದ ಹೋರಾಡುತ್ತಿದ್ದಾರೆ, ಕ್ಯಾಮೆರಾ ಹಿಡಿದು ಬಂದವರನ್ನು ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣವಿದೆ. ಮೊದಲು ಮಾತಾಡಿ, ಕೇಳಿ, ಆಮೇಲೆ ಫೋಟೋ. ‘ಅಕ್ಕಾ, ಇದು ಯಾವ ಮೀನು?’ ಎಂದರೆ ಸಾಕು, ಮಾತು ಅಲ್ಲಿಂದ ತಾನೇ ಬೆಳೆಯುತ್ತದೆ.

ಚಳಿಗಾಲದಲ್ಲಿ ಈ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಹಾಗಾಗಿ ರಾತ್ರಿ ದಂಡೆಯಲ್ಲಿ ಬೆಂಕಿ, ಟಾರ್ಚು, ಜೋರು ಹಾಡು ಬೇಡ. ಮರಳಿನ ಮೇಲೆ ಜೀಪು ಓಡಿಸುವುದಂತೂ ಖಂಡಿತ ಬೇಡ.

ಹೊಟ್ಟೆಯ ವಿಷಯ

ಮೀನೂಟದ ಹೋಟೆಲುಗಳಿಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರ ಒಳಗೆ ಹೋಗಿ. ತಡವಾದರೆ ಒಳ್ಳೆಯ ಮೀನು ಮುಗಿದಿರುತ್ತದೆ. ಮೆನು ಓದುವುದಕ್ಕಿಂತ ‘ಇವತ್ತು ಯಾವ ಮೀನು ಬಂದಿದೆ?’ ಎಂದು ಕೇಳುವುದು ಮೇಲು. ಇಸ್ವಾಣ, ಪಾಪ್ಲೆಟ್ ಎಂದು ದುಬಾರಿ ಮೀನಿನ ಹಿಂದೆ ಬೀಳುವವರು ತಾರ್ಲೆ, ಬಂಗಡೆಯ ರುಚಿ ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಳಿವೆಯ ಬೆಳಚು ಸಿಕ್ಕಿದರೆ ಸುಕ್ಕ ಮಾಡಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ತಟ್ಟೆಗೆ ಬರುವುದು ನಾಡದೋಣಿಯವರು ಹಿಡಿದ ಮೀನು, ನದಿಯ ಮೀನು, ಇಲ್ಲವೇ ಐಸಿನಲ್ಲಿಟ್ಟದ್ದು. ಊಟ ಮುಗಿದ ಮೇಲೆ ಮುರುಗಲು ಹಣ್ಣಿನ ಪಾನಕ ಸೆಕೆಗೂ ಹಿತ, ಹೊಟ್ಟೆಗೂ ಹಿತ.

ಎರಡನೆಯ ದಿನ

ಭಾನುವಾರಕ್ಕೆ ಒಂದೇ ದಿಕ್ಕು ಹಿಡಿಯಿರಿ. ದಕ್ಷಿಣಕ್ಕೆ ಹೋದರೆ 8 ಕಿ.ಮೀ. ಹತ್ತಿರ ಅಪ್ಸರಕೊಂಡ: ಸಣ್ಣ ಜಲಪಾತ, ಅದರ ಕೆಳಗೆ ಕೊಳ, ಮೇಲಿನ ಗುಡ್ಡದಿಂದ ಕಡಲಿನ ಉದ್ದಗಲ. ಬೆಳಿಗ್ಗೆ ಎಂಟರೊಳಗೆ ಹೋದರೆ ತಂಪು, ಜನರೂ ಕಡಿಮೆ. ಮೆಟ್ಟಿಲು, ಬಂಡೆ ಪಾಚಿಗಟ್ಟಿರುತ್ತವೆ, ಪಟ್ಟಿಯಿರುವ ಚಪ್ಪಲಿ ಹಾಕಿ. ಇಲ್ಲಿನ ಅಪ್ಸರಕೊಂಡ–ಮುಗಳಿ ಕರಾವಳಿ ರಾಜ್ಯದ ಮೊದಲ ಸಾಗರ ವನ್ಯಜೀವಿ ಧಾಮ. ಅಲ್ಲಿಂದ ಇಡಗುಂಜಿಗೆ ಹೋಗಿ. ಗಣಪತಿ ಇಲ್ಲಿ ದ್ವಿಭುಜ, ನಿಂತ ಭಂಗಿ, ಪ್ರಸಾದ ಪಂಚಖಾದ್ಯ. ಸಂಕಷ್ಟಿಯ ದಿನ ಬಿದ್ದರೆ ಸರದಿ ಉದ್ದ.

ಇದೇ ಸೀಮೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದರು. ಅವರ ಮಗ ಶಂಭು ಹೆಗಡೆ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ಆರಂಭಿಸಿದರು. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಈ ತಾಲ್ಲೂಕಿನವರೇ. ನವೆಂಬರ್‌ನಿಂದ ಮೇವರೆಗೆ ಸುತ್ತಮುತ್ತ ಎಲ್ಲಾದರೂ ಒಂದು ಆಟ ಇದ್ದೇ ಇರುತ್ತದೆ. ಇಂಟರ್ನೆಟ್ಟಿನಲ್ಲಿ ಹುಡುಕುವುದಕ್ಕಿಂತ ಹೋಟೆಲಿನ ಗೋಡೆಯ ಭಿತ್ತಿಪತ್ರ ನೋಡಿ, ಆಟೋದವರನ್ನು ಕೇಳಿ. ಮಕ್ಕಳಿದ್ದರೆ ಕಾಲಮಿತಿಯ ಪ್ರದರ್ಶನ ಸಾಕು. ಶನಿವಾರ ರಾತ್ರಿ ಬೆಳಗಿನವರೆಗಿನ ಆಟಕ್ಕೆ ಕೂತರೆ ಭಾನುವಾರ ಬೆಳಗಿನ ಕಾರ್ಯಕ್ರಮ ಬಿಟ್ಟುಕೊಡಬೇಕು. ನಾನಾದರೆ ಬಿಟ್ಟುಕೊಡುತ್ತೇನೆ.

ಇತಿಹಾಸದ ಆಸಕ್ತಿ ಇದ್ದವರು ಪೂರ್ವಕ್ಕೆ, ಗೇರುಸೊಪ್ಪೆಯ ಕಡೆ ತಿರುಗಿ. ಹೊನ್ನಾವರ ಹಳೆಯ ರೇವುಪಟ್ಟಣ. 14ನೇ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಲ್ಲಿಂದ ದೋಣಿಯಲ್ಲೇ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋಗಿ ಆ ನದಿಯ ಚೆಲುವನ್ನು ಮನಸಾರೆ ಹೊಗಳಿದ. ಅವನು ಬರುವ ಹದಿನೇಳು ವರ್ಷ ಮುಂಚಿನವರೆಗೆ ಅಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ, ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದವಳು. 1552ರಿಂದ 1606ರವರೆಗೆ 54 ವರ್ಷ. ನಗರಬಸ್ತಿಕೇರಿಯ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಕಲ್ಲಿನ ಕಟ್ಟಡ, ಕಾಡಿನ ನಡುವೆ ಇಂದಿಗೂ ನಿಂತಿದೆ. ಸುಮಾರು 30 ಕಿ.ಮೀ. ದಾರಿ, ಅಲ್ಲಿ ಅಂಗಡಿ ಹೋಟೆಲು ಕಡಿಮೆ. ನೀರು, ತಿಂಡಿ ಕಟ್ಟಿಕೊಂಡೇ ಹೋಗಿ. ಅಪ್ಸರಕೊಂಡ, ಗೇರುಸೊಪ್ಪೆ ಎರಡನ್ನೂ ಒಂದೇ ದಿನಕ್ಕೆ ಸೇರಿಸಿದರೆ ರೈಲಿಗೆ ಓಡಬೇಕಾಗುತ್ತದೆ.

ಸಂಜೆಯ ರೈಲಿಗೆ ಒಂದು ತಾಸು ಮುಂಚೆಯೇ ಆಟೋ ಹೇಳಿರಿ. ಭಾನುವಾರ ಸಂಜೆ ಎಲ್ಲರೂ ಅದೇ ಹೊತ್ತಿಗೆ ನಿಲ್ದಾಣಕ್ಕೆ ಹೊರಟಿರುತ್ತಾರೆ. ರಾತ್ರಿಯೂಟ ಪೇಟೆಯಲ್ಲೇ ಕಟ್ಟಿಸಿಕೊಳ್ಳಿ. ಮನೆಗೆ ಒಯ್ಯಲು ಮುರುಗಲು ಸಿಪ್ಪೆ, ಉಪ್ಪುನೀರಿನಲ್ಲಿ ಹಾಕಿದ ಅಪ್ಪೆಮಿಡಿ, ತೊಡದೇವು ಎಲ್ಲ ಸುಲಭ. ಮಾರ್ಚ್ ನಂತರ ಕಾರಿನಲ್ಲಿ ಕುಮಟಾ ಕಡೆಯಿಂದ ಹೋಗುವವರಿಗೆ ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಸಿಹಿ ಈರುಳ್ಳಿಯೂ ಸಿಗುತ್ತದೆ. ಒಣಮೀನು ಕೊಂಡರೆ ಗರಿಗರಿಯಾಗಿ ಒಣಗಿದ್ದನ್ನೇ ಆರಿಸಿ, ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಆ ಡಬ್ಬಿಯನ್ನು ಮನೆಯಿಂದಲೇ ತಂದಿರಬೇಕು, ಏಕೆಂದರೆ ಎ.ಸಿ. ಬೋಗಿಯಲ್ಲಿ ಬರೀ ಪ್ಲಾಸ್ಟಿಕ್ ಚೀಲ ವಾಸನೆ ತಡೆಯುವುದಿಲ್ಲ.